ಬಿಳಿ ಕಾಲಿನ ಮರಿ

…ಇನ್ನೂ ಮಡಿಲಲ್ಲೇ ಇಟ್ಕೊಂಡು ಕೂತಿದ್ದೀರಲ್ಲ ಅಕ್ಕ, ಕೆಳಗೆ ಬಿಡಿ ಅದನ್ನ. ಓಡಾಡಿಕೊಂಡಿರಲಿ. ಇನ್ನು ಇದೇ ತಾನೇ ಅದರ ಮನೆ? ನೆಲ ನೋಡಿ, ಬೆಳಗ್ಗೆಯಿಂದ ಎರಡು ಸಲ ಒರೆಸಿದ್ದೀನಿ. ಶೆಲ್ಟರ್‌ನವರು ನಾಯಿಮರಿ ಕೊಡೋ ಮುಂಚೆ ಮನೆ ನೋಡೋಕೆ ಬರ್ತಾರೆ ಅಂದಿದ್ದಕ್ಕೆ ನಮ್ಮ ಯಜಮಾನರು ನಕ್ಕೂ ನಕ್ಕೂ ಸುಸ್ತಾದರು. ನಮ್ಮ ಮದುವೆಗೂ ಯಾರೂ ಇಷ್ಟು ವಿಚಾರಿಸಿರಲಿಲ್ಲ ಕಣೇ ಅಂತ.

ನಗಲಿಲ್ಲವಾ. ಸರಿ.

ನಿಮ್ಮ ಫಾರಂ ಪೂರ್ತಿ ತುಂಬಿಸಿದ್ದೀನಿ. ಗೇಟಿಗೆ ಚಿಲಕ ಇದೆ, ಹಗಲೆಲ್ಲ ನಾನು ಮನೇಲೇ ಹೊಲಿಗೆ ಮಿಷನ್ ಮುಂದೆ ಇರ್ತೀನಿ, ಮಗಳೊಬ್ಬಳು. 'ಈ ಮನೆಯಲ್ಲಿ ಹಿಂದೆ ನಾಯಿ ಇತ್ತೇ' ಅನ್ನೋ ಕಡೆ ಇಲ್ಲ ಅಂತ ಬರೆದಿದ್ದೀನಿ. ಅದನ್ನೇ ಯಾಕೆ ಎರಡೆರಡು ಸಲ ಓದ್ತೀರಿ?

ವಾಸನೇನಾ? ಫಿನಾಯಿಲ್ ಅಕ್ಕ. ಸ್ವಲ್ಪ ಜಾಸ್ತಿ ಬಿತ್ತು. ನನ್ನದು ಕೈ ದೊಡ್ಡದು.

ದುಡ್ಡು ಕೊಟ್ಟು ಮರಿ ತರೋರನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ನನ್ನ ನಾದಿನಿ ಒಬ್ಬಳಿದ್ದಾಳೆ. ಶೆಲ್ಟರ್ ನಾಯಿ ಅಂದ್ರೆ ಯಾರೋ ಬೇಡ ಅಂತ ಬಿಟ್ಟಿದ್ದು, ನಮಗೆ ಜಾತಿ ನಾಯೀನೇ ಬೇಕು ಅಂತ ಮೂಗು ಮುರಿದು, ಮರಿ ಮಾರೋವನ ಮನೆಗೆ ಹೋದಳು. ತಾಯೀನ ತೋರಿಸಪ್ಪ ಅಂದ್ರೆ, ತಾಯಿ ಊರಲ್ಲಿಲ್ಲ ಅಂದನಂತೆ. ನಾಯಿ ಅಕ್ಕ, ಊರಲ್ಲಿಲ್ಲವಂತೆ! ತವರಿಗೆ ಹೋಗಿತ್ತೇನೋ. ಅದಕ್ಕೂ ತಲೆಯಾಡಿಸಿ ಬಂದಳು ಪೆದ್ದಿ. ಅವನು ಕೊಟ್ಟ ಕಾಗದದಲ್ಲಿ ಮರಿಯ ಅಜ್ಜ ಮುತ್ತಜ್ಜರ ಹೆಸರೆಲ್ಲ ಇತ್ತು. ಇಂಜೆಕ್ಷನ್ ಹಾಕಿಸಿದ ತಾರೀಕು ಮಾತ್ರ ಇರಲಿಲ್ಲ.

ಆಮೇಲಾ? ಆಮೇಲೇನು… ನಾಲ್ಕು ದಿನ ಕುಣಿದಾಡಿತು. ಐದನೇ ದಿನ ಬಟ್ಟಲಿಗೆ ಬಾಯಿ ಹಾಕಲಿಲ್ಲ. ವಾಂತಿ, ರಕ್ತಭೇದಿ. ಆ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಹೋಗೋದೇ ಇಲ್ಲ, ಊಟಕ್ಕೆ ಕೂತರೂ ಅದೇ. ಡಾಕ್ಟರು ಏನೇನೋ ಹೇಳಿ ಹೆದರಿಸಿದರಂತೆ. ಒಂಬತ್ತನೇ ದಿನ ಬೆಳಗ್ಗೆ, ಆ ಬೀರು ಪಕ್ಕದ ಮೂಲೇಲಿ, ಮುಖ ಗೋಡೆ ಕಡೆ ಮಾಡಿಕೊಂಡು…

ಯಾಕೆ ಆ ಕಡೆ ನೋಡ್ತೀರಿ? ನಾನು ಹೇಳಿದ್ದು ಅವಳ ಮನೆ ಬೀರು. ಅವಳ ಮನೇಲೂ ಬೀರು ಇರುತ್ತೆ ತಾನೇ.

ಅಷ್ಟು ಬಿಗಿಯಾಗಿ ಎದೆಗೆ ಅವಚಿಕೊಂಡರೆ ಪಾಪ ಅದಕ್ಕೆ ಉಸಿರು ಕಟ್ಟಲ್ವಾ? ಬಿಡಿ ಕೆಳಗೆ.

ಕಂದು ಮೈ, ಒಂದು ಮುಂಗಾಲು ಬಿಳಿ ಇರೋದೇ ಬೇಕು ಅಂತ ಯಾಕೆ ಹಟ ಹಿಡಿದೆ ಅಂದ್ರೆ ಏನು ಹೇಳಲಿ? ಚೆನ್ನಾಗಿ ಕಾಣುತ್ತೆ, ಅಷ್ಟೆ. ಸೀರೆ ಆರಿಸಲ್ವಾ ನಾವು, ಹಾಗೆ.

ಓ, ಬಂದಳು ನೋಡಿ ನಮ್ಮ ಮಹಾರಾಣಿ. ಸ್ಕೂಲ್ ಬ್ಯಾಗ್ ಅಲ್ಲಿಡು ಪುಟ್ಟಿ, ಆಂಟಿಗೆ ನಮಸ್ಕಾರ ಮಾಡು. ಏನು? ಹೂಂ ಕಂದ, ಆಸ್ಪತ್ರೆಯಿಂದ ಬಂತು. ವಾಸಿಯಾಗೇ ಬಂತು. ಮಕ್ಕಳು ಅಕ್ಕ, ಏನೇನೋ ಅಂದುಕೊಂಡಿರ್ತವೆ… ಆ ಬಟ್ಟಲು ಎಲ್ಲಿ ಸಿಕ್ಕಿತು ನಿನಗೆ? ಅದನ್ನ ಎಸೆದಿದ್ದೆನಲ್ಲ ನಾನು. ಬಿಳಿ ಕಾಲಾ? ಹೂಂ, ನೋಡು, ಇದೆಯಲ್ಲ ಬಿಳಿ ಕಾಲು. ಆ ಕಡೆ ಇತ್ತಾ? ಇಲ್ಲಮ್ಮ, ಈ ಕಡೇನೇ ಇದ್ದಿದ್ದು. ನೀನು ಮರೆತಿದ್ದೀಯ. ಹೋಗು, ಕೈಕಾಲು ತೊಳ್ಕೋ ಹೋಗು. ಹೋಗು ಅಂದೆನಲ್ಲ.

…ಹಾಗೆ ನೋಡಬೇಡಿ ಅಕ್ಕ.

ಬೈದುಬಿಡಿ. ಫಾರಂ ಹರಿದು ಮುಖಕ್ಕೆ ಎಸೀರಿ.

ನಾದಿನಿ ಇಲ್ಲ ನನಗೆ. ನಮ್ಮ ಯಜಮಾನರಿಗೆ ಒಡಹುಟ್ಟಿದವರೇ ಇಲ್ಲ.

ಆರು ವಾರದಿಂದ ದಿನಾ ಸ್ಕೂಲಿಂದ ಬಂದು ಅದೊಂದೇ ಕೇಳ್ತಾಳೆ, ಆಸ್ಪತ್ರೆಯಿಂದ ಯಾವಾಗ ಬರುತ್ತೆ ಅಂತ. ಸತ್ತುಹೋಯ್ತು ಅನ್ನೋಕೆ ಬಾಯಿ ಬರಲಿಲ್ಲ. ಬೀದಿಗೆಲ್ಲ ಉತ್ತರ ಕೊಡೋ ಬಾಯಿ ಅಕ್ಕ ಇದು, ಆರು ವರ್ಷದ ಹುಡುಗಿ ಮುಂದೆ ಬೀಗ ಬಿತ್ತು. ಡಾಕ್ಟರು ಬೆರಳೆತ್ತಿ ಹೇಳಿದ್ರು, ಈ ರೋಗ ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತೆ, ಒಂದು ವರ್ಷ ಈ ಮನೆಗೆ ಮರಿ ತರಬೇಡಿ ಅಂತ. ಕೇಳಿಸಿಕೊಂಡೆ. ಕೇಳಿಸಿಕೊಂಡೇ ನಿಮ್ಮ ಹತ್ತಿರ ಬಂದೆ. ಇನ್ನೊಂದು ಸಲ ಒರೆಸಿದ್ರೆ ಹೋಗುತ್ತೆ, ಇನ್ನೊಂದು ಸಲ ಒರೆಸಿದ್ರೆ ಹೋಗುತ್ತೆ ಅಂತ…

ಹೊರಟ್ರಾ? ಹೊರಡಿ. ತಡೆಯಲ್ಲ.

ಏನು ಮಾಡ್ತಿದ್ದೀರಿ… ಬಗ್ಗಬೇಡಿ ಅಕ್ಕ, ಜಾರುತ್ತೆ ಅದು. ಚಪ್ಪಲಿ ನಾನು ಹಾಕ್ತೀನಿ, ಕಾಲು ಕೊಡಿ ಇಲ್ಲಿ. ಅದನ್ನ ಮಾತ್ರ ಕೆಳಗೆ ಬಿಡಬೇಡಿ.