ತೆರೆದ ಮುಚ್ಚಳ

ಸತ್ತವರ ಹಬ್ಬದ ದಿನ ಟ್ಯೂರಿನ್ನಿನ ಸ್ಮಶಾನದ ಬಾಗಿಲಲ್ಲಿ ಫ್ಲಾವಿಯಾ ಸೇವಂತಿಗೆಗಾಗಿ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಇಬ್ಬರು ಗಂಡಸರು ರೇಸಿನ ಹುಲಿ ಗಾರಿನೊನ ಸಮಾಧಿಗೆ ಬಂದವರು.

"ಅವನ ಪುಟ್ಟ ಕಾರು ಬೆಂಕಿ ಕಣಯ್ಯಾ! ಹಿಂದಿರೋ ಎಂಜಿನ್ ಕಾದೀತು ಅಂತ ಮುಚ್ಚಳ ತೆಗೆದೇ ಓಡಿಸ್ತಿದ್ದ."

"ಊರ ಹುಡುಗ್ರೂ ಕಲಿತ್ರಲ್ಲ. ಎಂಜಿನ್ ಮಾಮೂಲಿ, ಶೋಕಿಗೆ ಮಾತ್ರ ಮುಚ್ಚಳ ಎತ್ತಿ ಪೊರಕೆ ಕೋಲು ಊರೋದು!"

"ಮೇಷ್ಟ್ರು ಎಲ್ವಿಯೊ ಸತ್ತಿದ್ದೂ ಹಾಗೇ. ಮುಚ್ಚಳ ಅಡ್ಡ, ಹಿಂದಿನ ಲಾರಿ ಕಾಣ್ಲಿಲ್ಲ. ಗುದ್ದಿದ ಏಟಿಗೆ ಎಂಜಿನ್ ಒಳಗೆ ನುಗ್ಗಿ ಬೆನ್ನು ಮುರೀತು."

"ತಕ್ಷಣ ಹೋದ ಅಂದ್ರಲ್ಲಯ್ಯ?"

"ಅದು ಹೆಂಡ್ತಿಗೆ ಹೇಳಿದ್ದು. ತಗಡು ಕತ್ತರಿಸೋವರೆಗೂ 'ಫ್ಲಾವಿಯಾ, ಫ್ಲಾವಿಯಾ' ಅಂತ ಕಿರುಚ್ತಾನೇ ಇದ್ದ. ನಾನೇ ಕೈ ಹಿಡ್ಕೊಂಡಿದ್ದೆ."

ಕೈ ಹಿಡಿದಿದ್ದೆ ಎಂದವನು ಹೂ ಕೊಂಡು ಹೊರಡುತ್ತ ಟೋಪಿ ಎತ್ತಿ ಅವಳಿಗೆ ದಾರಿ ಬಿಟ್ಟ. ಫ್ಲಾವಿಯಾ ಅವನ ಕೈಯನ್ನೇ ನೋಡುತ್ತ ನಿಂತಳು.