ಹಸಿರು ಪೊಟ್ಟಣದ ಅಡಿಯಲ್ಲಿದ್ದ ಡಿಸ್ಕ್

ತೈನಾನ್ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಬೊಂಬೆಯಾಟದವಳೊಬ್ಬಳು ಕೆಟ್ಟ ಕಂಪ್ಯೂಟರನ್ನು ತಬ್ಬಿಕೊಂಡು ನಿಂತಿದ್ದಳು. ಅವಳ ತಂಗಿ ಏದುಸಿರು ಬಿಡುತ್ತ ಓಡಿಬಂದಳು.

“ಅಕ್ಕಾ, ರಿಪೇರಿ ಡಿಸ್ಕ್ ಸಿಕ್ತು!”

“ಎಲ್ಲಿತ್ತೇ, ಲೀಹ್ವಾ?”

“ಕಂಪ್ಯೂಟರ್ ಕೆಡದಿರಲಿ ಅಂತ ಊರವರೆಲ್ಲ ಇಡೋ ಹಾಗೆ ಅಪ್ಪನೂ ಅದರ ಮೇಲೆ ಇಟ್ಟಿದ್ದ ಹಸಿರು ಕುರುಕಲು ಪೊಟ್ಟಣ ಇತ್ತಲ್ಲ? ಅದರ ತಳಕ್ಕೆ ಅಂಟಿಸಿದ್ರು!”

“ಅದನ್ನ್ಯಾಕೆ ಮುಟ್ಟಿದೆ? ಸಾಯೋ ಮುಂಚೆ ಅಪ್ಪ ಇಟ್ಟಿದ್ದು ಕಣೇ!”

“ತಾರೀಖು ಮುಗಿದ ಪೊಟ್ಟಣ ಕಾಯಲ್ಲ ಕಣೇ. ಅದರದ್ದು ಮುಗಿದು ಎರಡು ವರ್ಷ ಆಯ್ತು, ಅದಕ್ಕೇ ಕಂಪ್ಯೂಟರ್ ಕೈಕೊಟ್ಟಿದ್ದು! ಪೊಟ್ಟಣ ಬದಲಾಯಿಸುವಾಗ ಡಿಸ್ಕ್ ಕಣ್ಣಿಗೆ ಬೀಳಲಿ ಅಂತಲೇ ಅಪ್ಪ ಅಲ್ಲಿಟ್ಟಿದ್ದು.”

“ಅಯ್ಯೋ, ನಾನೇ ಯಾರಿಗೂ ಮುಟ್ಟಕ್ಕೆ ಬಿಡ್ಲಿಲ್ಲ! ಸಂಜೆ ಬೊಂಬೆಯಾಟಕ್ಕೆ ಬೇಕಾದ, ರೆಕಾರ್ಡ್ ಮಾಡಿಟ್ಟ ಅಪ್ಪನ ದನಿಯೆಲ್ಲ ಈ ಕಂಪ್ಯೂಟರಲ್ಲೇ ಇದೆ. ಉಳಿಯತ್ತಾ?”

“ಡಿಸ್ಕ್ ಮೇಲೇ ಬರೆದಿದ್ದಾರೆ ನೋಡು: ‘ರಿಪೇರಿ ಮಾತ್ರ ಒತ್ತಿ, ಅಳಿಸಬೇಡಿ. ನಾನು ಒಳಗಿದ್ದೀನಿ.’”

ಅವರ ಸರದಿ ಬಂತು. ಅಕ್ಕ ಎರಡು ಹೆಜ್ಜೆ ಇಟ್ಟು ತಿರುಗಿದಳು.

“ಓಡು, ಮೊದಲು ಹೊಸ ಪೊಟ್ಟಣ ತಗೊಂಬಾ. ಆಮೇಲೆ ಅಪ್ಪನ್ನ ಎಬ್ಬಿಸೋಣ!”