ಸೇತುವೆ ಬುಡದ ಭಾನುವಾರ

ವೇದಿಕೆ ಮೇಲಿರೋ ಹಿರಿಯರೇ, ಮುಂದೆ ಕೂತಿರೋ ಭಗವಂತರಾಯರ ಮನೆಯವರು ನಾಗರತ್ನಾ ಅಕ್ಕನವರೇ, ಮಗಳು ರೇವತಿ, ನಮ್ಮ ವರ್ಕ್‌ಶಾಪಿನ ಅಣ್ಣತಮ್ಮಂದಿರೇ — ಎಲ್ಲರಿಗೂ ನಮಸ್ಕಾರ. ನಮ್ಮ ರಾಯರ ಫೋಟೋಗೆ ಹಾರ ಹಾಕೋ ದಿನ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಹಾರ್ಟ್ ಅಟ್ಯಾಕು. ಆಸ್ಪತ್ರೆ ಮುಟ್ಟೋಷ್ಟರಲ್ಲಿ ಎಲ್ಲ ಮುಗಿದೋಗಿತ್ತು. ವಿಮಾನಪುರದ ನಮ್ಮ ಶೆಡ್ಡಲ್ಲಿ ಅವರ ಲೇಥ್ ಪಕ್ಕದ್ದೇ ನಂದು, ಈ ಮುನಿಆಂಜನಪ್ಪಂದು.

ಅವರ ಕೆಲಸದ ಬಗ್ಗೆ ಎಲ್ಲರೂ ಹೇಳಿದ್ರು. ನಾನು ಭಾನುವಾರದ ಬಗ್ಗೆ ಹೇಳ್ಬೇಕು. ಯಾಕಂದ್ರೆ ಬೆಳಿಗ್ಗೆ ಅಕ್ಕ ಕೇಳಿದ್ರು — "ಅಣ್ಣಾರ, ಐತವಾರ ಬಂತಂದ್ರ ಇವರು ಮನಿ ಬಿಟ್ಟು ಆ ಬ್ರಿಜ್ ಬುಡಕ ಹೋಗಿ ಕುಂದರತಿದ್ರಲ್ಲ, ಅಲ್ಲಿ ಅಂಥಾದ್ದೇನಿತ್ತು?"

ಹೊಸಕೋಟೆ ಆಚೆ ಒಂದು ಸಣ್ಣ ಹೊಳೆ, ಅದರ ಮೇಲೆ ಸೇತುವೆ. ರಾಯರನ್ನ ಮೊದಲು ನಾನೇ ಕರ್ಕೊಂಡೋಗಿದ್ದು. ಭೀಮಾ ತೀರದ ಮನುಷ್ಯ ಅಲ್ವಾ — ಇಷ್ಟಗಲದ ಬೀಸುಬಲೆ ಹೆಗಲಿಗೆ ಹಾಕ್ಕೊಂಡು ಬಂದ್ಬಿಟ್ರು! ನೋಡಿದ್ರೆ ನೀರು ಮೊಣಕಾಲು ಮಟ್ಟ. "ಇದು ಹೊಳಿ ಏನ್ರೀ? ನಮ್ಮ ಕಡಿ ಇದಕ್ಕ ಹಳ್ಳ ಅಂತಾರ!" ಅಂತ ನನ್ನ ಬೈದು, ಆದ್ರೂ ಬೀಸಿದ್ರು. ಸೇತುವೆ ಕಟ್ಟಿದೋರು ಬಿಟ್ಟೋಗಿದ್ದ ಕಬ್ಬಿಣದ ಸರಳಿಗೆ ಸಿಕ್ಕಾಕ್ಕೊಂಡು ಬಲೆ ಪರ್ ಅಂತ ಹರಿದೋಯ್ತು. ಬಿಡಿಸೋಕೆ ಸೇತುವೆ ಕಂಬದ ಹತ್ರ ಹೋದೋರು — ಎದೆಮಟ್ಟ ಮುಳುಗಿದ್ರು! ಮಳೆಗಾಲದ ನೀರು ಸುತ್ತಿ ಸುತ್ತಿ ಕಂಬದ ಬುಡದಲ್ಲಿ ಗುಂಡಿ ತೋಡಿತ್ತು. ನೆರಳು, ತಂಪು, ತೇಲಿ ಬರೋ ತಿಂಡಿ. ಇಡೀ ಹೊಳೆ ಮೀನು ಅಲ್ಲೇ ಸೇರಿತ್ತು. ಮುಂದಿನ ವಾರ ಗಾಳ ತಂದ್ರು. ಆಮೇಲೆ ಬಿಟ್ಟಿದ್ದೇ ಇಲ್ಲ.

ಆದ್ರೆ ಬರೀ ಮೀನಿಗಲ್ಲ ರೀ. ಎಷ್ಟೋ ಸಲ ಒಂದು ಜಿಲೇಬಿ ಮೀನೂ ಸಿಕ್ತಿರ್ಲಿಲ್ಲ. ಬರ್ತಾ ಅಂಗಡೀಲಿ ಕೊಂಡು ತರ್ತಿದ್ವಿ — ನಗಬೇಡಿ ಅಕ್ಕ, ನೀವು ಸಾರು ಮಾಡಿದ್ದು ಅದನ್ನೇ.

ತಲೆ ಮೇಲೆ ಲಾರಿಗಳು ದಡದಡ ಹೋಗ್ತಿರುತ್ವೆ. ಕೆಳಗೆ ನೀರಲ್ಲಿ ತೇಲೋ ಗಾಳದ ಬೆಂಡು ನೋಡ್ಕೊಂಡು ಕೂತಿದ್ರಾಯ್ತು. ರಾಯರದ್ದು ಬೈಯಪ್ಪನಹಳ್ಳಿಯ ಒಂದೇ ರೂಮಿನ ಮನೆ — ಒಲೆನೂ ಅಲ್ಲೇ, ಹಾಸಿಗೆನೂ ಅಲ್ಲೇ, ಮಗಳ ಓದೂ ಅಲ್ಲೇ. ಒಂದ್ಸಲ ಅಂದಿದ್ರು, "ಇಲ್ಲಿ ಕುಂತಾಗ ಯಾರೂ ಏನೂ ಕೇಳಂಗಿಲ್ಲ ನೋಡ್ರಿ. ಉಸಿರಾಡ್ಲಿಕ್ಕ ಬರ್ತದ."

ಬೆಳಿಗ್ಗೆ ಇದನ್ನೇ ಅಕ್ಕನಿಗೆ ಹೇಳ್ದೆ. ಸಮಾಧಾನ ಆಗುತ್ತೆ ಅಂದ್ಕೊಂಡೆ. ಅಕ್ಕ ಅಂದ್ರು — "ಅದೇ ಖೋಲಿಯಾಗ ನಾನೂ ಇದ್ದೆ ಅಲ್ರಿ ಅಣ್ಣಾರ. ಒಂದಿನಾರ ನನ್ನ ಯಾಕ ಕರ್ಕೊಂಡು ಹೋಗ್ಲಿಲ್ಲ?"



ರಾಯರ ಗಾಳ ಶೆಡ್ಡಲ್ಲೇ ಇದೆ. ಅಕ್ಕ, ಅದು ನಿಮ್ಮದು. ಈ ಭಾನುವಾರ ಬೆಳಿಗ್ಗೆ ಮನೆ ಹತ್ರ ಬರ್ತೀವಿ, ರೆಡಿಯಾಗಿರಿ. ನನ್ನ ಹೆಂಡ್ತಿ ಆಂಜನಮ್ಮನೂ ಬರ್ತಾಳೆ. ಅವಳೂ ಆ ಸೇತುವೆ ನೋಡಿಲ್ಲ.

ಈಗ ದಯವಿಟ್ಟು ಫೋನ್ ಆಫ್ ಮಾಡಿ, ಭಗವಂತರಾಯರನ್ನ ನೆನೆದು ಎಲ್ಲರೂ ಒಂದು ನಿಮಿಷ ಮೌನವಾಗಿ ಎದ್ದು ನಿಲ್ಲೋಣ.

ಅಕ್ಕ — ನೀವು ಏಳಬೇಡಿ. ಕೂತ್ಕೊಳ್ಳಿ.